ಪರ್ಯಾಯ ಇಂಧನ ಸಂಶೋಧನೆಗೆ ಯಾರ ದುಡ್ಡು? ಪದೇ ಪದೇ ಕೇಳುವ ಪ್ರಶ್ನೆಗಳು

ಸೌರಶಕ್ತಿ, ಗಾಳಿ, ಭೂಶಾಖ, ಬ್ಯಾಟರಿ, ಹೈಡ್ರೋಜನ್ ಯಾವುದರ ಮಾತು ಎತ್ತಿದರೂ ಅದು ಕೊನೆಗೆ ಬಂದು ನಿಲ್ಲುವುದು ದುಡ್ಡಿನ ಹತ್ತಿರ. ಎಲ್ಲವನ್ನೂ ಸರ್ಕಾರವೇ ಮಾಡಬೇಕು ಎನ್ನುವವರಿದ್ದಾರೆ, ಮಾರುಕಟ್ಟೆಗೆ ಬಿಟ್ಟುಬಿಡಿ ಎನ್ನುವವರೂ ಇದ್ದಾರೆ. ಇಬ್ಬರೂ ಒಂದೇ ಇತಿಹಾಸದ ಅರ್ಧರ್ಧವನ್ನು ಹೇಳುತ್ತಾರೆ. ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಟ್ಟುಕೊಂಡು ಎರಡೂ ಅರ್ಧಗಳನ್ನು ಇಲ್ಲಿ ಜೋಡಿಸಿದ್ದೇನೆ.

ಕಂಪನಿಗಳೇ ಸೌರಫಲಕ ತಯಾರಿಸಿ ಮಾರುತ್ತಿವೆಯಲ್ಲ, ಸಂಶೋಧನೆಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು?

ವಿದ್ಯುತ್ ಎಂಬ ಸರಕಿನ ಸ್ವಭಾವದಲ್ಲೇ ಇದಕ್ಕೆ ಮೊದಲ ಉತ್ತರವಿದೆ. ಹೊಸ ಔಷಧ ಕಂಡುಹಿಡಿದ ಕಂಪನಿ ಅದಕ್ಕೆ ದೊಡ್ಡ ಬೆಲೆ ಕೇಳಬಹುದು, ರೋಗಿಗೆ ಬೇರೆ ದಾರಿ ಇರುವುದಿಲ್ಲ. ಹೊಸ ಫೋನ್ ಬಂದರೆ ಅದು ಹೊಸದು ಎಂಬ ಕಾರಣಕ್ಕೇ ಜನ ಹೆಚ್ಚು ಕೊಡುತ್ತಾರೆ. ವಿದ್ಯುತ್ತಿನಲ್ಲಿ ಹಳತು ಹೊಸತು ಎಂಬುದೇ ಇಲ್ಲ. ಕಲ್ಲಿದ್ದಲಿನಿಂದ ಬಂದರೂ ಬಿಸಿಲಿನಿಂದ ಬಂದರೂ ದೀಪ ಒಂದೇ ರೀತಿ ಉರಿಯುತ್ತದೆ. ಹಾಗಾಗಿ ಹೊಸ ತಂತ್ರಜ್ಞಾನ ಹುಟ್ಟಿದ ದಿನವೇ, ನೂರು ವರ್ಷ ಪಳಗಿದ ಹಳೆಯದರ ಜೊತೆ ಬೆಲೆಯಲ್ಲಿ ಸೆಣಸಬೇಕಾಗುತ್ತದೆ. ದೊಡ್ಡ ಔಷಧ ಕಂಪನಿಗಳು ವರಮಾನದ ಶೇ. 10ಕ್ಕೂ ಹೆಚ್ಚನ್ನು ಸಂಶೋಧನೆಗೆ ಸುರಿಯುತ್ತವೆ. ವಿದ್ಯುತ್ ಸರಬರಾಜು ಕಂಪನಿಗಳಲ್ಲಿ ಅದು ಶೇ. 1 ಮುಟ್ಟುವುದೂ ಅಪರೂಪ.

ಎರಡನೆಯ ಕಾರಣವನ್ನು ಅರ್ಥಶಾಸ್ತ್ರಜ್ಞ ಕೆನೆತ್ ಆರೋ 1962ರಲ್ಲೇ ವಿವರಿಸಿದ್ದರು: ಜ್ಞಾನ ಸೋರುತ್ತದೆ. ಒಂದು ಕಂಪನಿ ಹತ್ತು ವರ್ಷ ಒದ್ದಾಡಿ ಕಂಡುಕೊಂಡದ್ದನ್ನು ಪಕ್ಕದ ಕಂಪನಿ ಓದಿ, ನೋಡಿ, ಬಿಚ್ಚಿ ಕಲಿತುಬಿಡುತ್ತದೆ. ಸಮಾಜಕ್ಕೆ ಅದು ಲಾಭ, ದುಡ್ಡು ಹಾಕಿದವರಿಗೆ ಅಲ್ಲ. ಹೀಗಾಗಿ ಖಾಸಗಿಯವರು ಹಾಕುವ ಮೊತ್ತ ಸಮಾಜಕ್ಕೆ ಬೇಕಾದುದಕ್ಕಿಂತ ಯಾವಾಗಲೂ ಕಡಿಮೆಯೇ ಇರುತ್ತದೆ.

ಮೂರನೆಯದು ಹೊಗೆ. ಕಲ್ಲಿದ್ದಲು ಸುಟ್ಟವರು ಅದರ ಹೊಗೆಯ ಬೆಲೆಯನ್ನು ಪೂರ್ತಿ ತೆರದಿರುವವರೆಗೆ, ಹೊಗೆಯಿಲ್ಲದ ತಂತ್ರಜ್ಞಾನದ ನಿಜವಾದ ಅನುಕೂಲ ಮಾರುಕಟ್ಟೆಯ ಕಣ್ಣಿಗೆ ಬೀಳುವುದಿಲ್ಲ.

ಆದರೆ ಸೌರಕೋಶವನ್ನು ಕಂಡುಹಿಡಿದದ್ದೇ ಖಾಸಗಿ ಕಂಪನಿಯಲ್ಲವೇ?

ಹೌದು. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡ್ಯಾರಿಲ್ ಚಾಪಿನ್, ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಸೇರಿ ಮಾಡಿದ ಸಿಲಿಕಾನ್ ಕೋಶ, ಬಿದ್ದ ಬಿಸಿಲಿನ ಸುಮಾರು ಶೇ. 6ರಷ್ಟನ್ನು ವಿದ್ಯುತ್ತಾಗಿಸಿತು. ಬೆಲ್ ಪ್ರಯೋಗಾಲಯ ದೂರವಾಣಿ ಕಂಪನಿಯೊಂದರ ಅಂಗ, ನಿಜ. ಆದರೆ ಆ ಕಂಪನಿ ಸರ್ಕಾರದ ನಿಯಂತ್ರಣದಲ್ಲಿ ನಡೆಯುತ್ತಿದ್ದ ಏಕಸ್ವಾಮ್ಯ. ಪೈಪೋಟಿಯ ಭಯವಿಲ್ಲದ ಕಾರಣಕ್ಕೇ ಅದಕ್ಕೆ ಅಷ್ಟು ದೂರದ ಸಂಶೋಧನೆ ನಡೆಸುವ ಪುರಸೊತ್ತಿತ್ತು. ಇದನ್ನು ಬಿಟ್ಟು ಕಥೆ ಹೇಳಿದರೆ ದಾರಿ ತಪ್ಪುತ್ತೇವೆ.

ಕೋಶ ಸಿಕ್ಕಿತು, ಕೊಳ್ಳುವವರು ಸಿಗಲಿಲ್ಲ. ಭೂಮಿಯ ಮೇಲೆ ಆ ಬೆಲೆಗೆ ಯಾರಿಗೂ ಅದು ಬೇಕಿರಲಿಲ್ಲ. ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳದೆ ಅದನ್ನು ಕೊಂಡದ್ದು ಬಾಹ್ಯಾಕಾಶ ಕಾರ್ಯಕ್ರಮ. 1958ರ ವ್ಯಾನ್‌ಗಾರ್ಡ್-1 ಉಪಗ್ರಹ ಸೌರಕೋಶ ಹೊತ್ತು ಹೋಯಿತು, ಅಲ್ಲಿಂದ ಮುಂದಿನ ಹದಿನೈದು ವರ್ಷ ಈ ಪುಟ್ಟ ಉದ್ಯಮವನ್ನು ಬದುಕಿಸಿದ್ದು ಉಪಗ್ರಹಗಳೇ.

1973ರಲ್ಲಿ ಎಲಿಯಟ್ ಬರ್ಮನ್ ಎಂಬ ರಸಾಯನ ವಿಜ್ಞಾನಿ ತೈಲ ಕಂಪನಿ ಎಕ್ಸಾನ್‌ನ ಬೆಂಬಲದಿಂದ ಸೋಲಾರ್ ಪವರ್ ಕಾರ್ಪೊರೇಷನ್ ಕಟ್ಟಿದರು. ಅಂದವಾಗಿಲ್ಲವೆಂದು ಬೇರೆಯವರು ಬಿಸಾಡಿದ ಸಿಲಿಕಾನ್ ಬಿಲ್ಲೆಗಳನ್ನೇ ಬಳಸಿ, ವ್ಯಾಟ್‌ಗೆ ಸುಮಾರು 100 ಡಾಲರ್ ಇದ್ದ ಬೆಲೆಯನ್ನು 20 ಡಾಲರ್ ಆಸುಪಾಸಿಗೆ ಇಳಿಸಿದರು. ಕೊಂಡವರು ಯಾರು? ಸಮುದ್ರದ ತೈಲ ಬಾವಿಗಳ ಎಚ್ಚರಿಕೆ ದೀಪಕ್ಕೆ ಕರೆಂಟು ಬೇಕಿದ್ದವರು. ಆ ಬೆಲೆ ಇಳಿಕೆ ಉದ್ಯಮದ ಸಾಧನೆ, ಅದರ ಶ್ರೇಯಸ್ಸನ್ನು ಯಾರೂ ಕಿತ್ತುಕೊಳ್ಳಬೇಕಿಲ್ಲ.

ಆಮೇಲಿನ ಎಳೆಯನ್ನು ಬೇರೆ ಬೇರೆ ದೇಶದವರು ಹಿಡಿದರು. ಅಮೆರಿಕ ಸರ್ಕಾರ 1975ರಿಂದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಮೂಲಕ ತಂಡ ತಂಡವಾಗಿ ಫಲಕಗಳನ್ನು ಕೊಂಡು, ಬಿಸಿ, ಚಳಿ, ತೇವ, ಆಲಿಕಲ್ಲುಗಳ ಪರೀಕ್ಷೆಗೆ ಒಡ್ಡಿತು. ಕೆಲವೇ ವರ್ಷಕ್ಕೆ ಹಾಳಾಗುತ್ತಿದ್ದ ಫಲಕ ದಶಕಗಟ್ಟಲೆ ಬಾಳುವಂತಾಗಲು ಅಲ್ಲಿ ಕಲಿತ ಪಾಠ ಕಾರಣ. ಜಪಾನ್ 1974ರಲ್ಲಿ ಸನ್‌ಶೈನ್ ಯೋಜನೆ ಆರಂಭಿಸಿತು. ಅಲ್ಲಿನ ಕಂಪನಿಗಳು ಕ್ಯಾಲ್ಕ್ಯುಲೇಟರಿನಂಥ ಚಿಕ್ಕ ವಸ್ತುವಿಗೆ ಸೌರಕೋಶ ಹಾಕಿ ತಯಾರಿಕೆಯ ಕೈಚಳಕ ಕಲಿತವು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ ಕೋಶದ ದಕ್ಷತೆಯನ್ನು ಮೇಲೇರಿಸುತ್ತಾ ಹೋಯಿತು. ಅದೇ ಪ್ರಯೋಗಾಲಯದಲ್ಲಿ ಕಲಿತ ಶಿ ಝೆಂಗ್‌ರಾಂಗ್ 2001ರಲ್ಲಿ ಚೀನಾದಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. ಜರ್ಮನಿ ಸೌರ ವಿದ್ಯುತ್ತಿಗೆ ಖಚಿತ ದರ ಕೊಡುವ 2000ದ ಕಾನೂನಿನಿಂದ ಕೊಳ್ಳುವವರನ್ನು ಸೃಷ್ಟಿಸಿತು, ಚೀನಾದ ಕಾರ್ಖಾನೆಗಳು ಬೆಲೆಯನ್ನು ನೆಲಕ್ಕೆ ತಂದವು.

ಐದು ದೇಶ, ಐವತ್ತು ವರ್ಷ, ಹತ್ತಾರು ಖಜಾನೆ, ನೂರಾರು ಕಂಪನಿ. ಫಲಕದ ಬೆಲೆ 1970ರ ದಶಕದ ಮಧ್ಯದಿಂದ ಇಲ್ಲಿಯವರೆಗೆ ಶೇ. 99ಕ್ಕೂ ಹೆಚ್ಚು ಇಳಿದಿದೆ. ಇದನ್ನು ಒಬ್ಬರ ಹೆಸರಿಗೆ ಬರೆಯಲು ಸಾಧ್ಯವೇ ಇಲ್ಲ.

ಯಾವ ಹಂತದಲ್ಲಿ ಯಾರ ದುಡ್ಡು ಬೇಕು?

ಒಂದು ಕಲ್ಪನೆ ಪ್ರಯೋಗಾಲಯದಿಂದ ಹೊರಟು ಕಾರ್ಖಾನೆ ತಲುಪುವ ಹಾದಿಯನ್ನು ನಾಸಾ 1ರಿಂದ 9ರವರೆಗೆ ಮೆಟ್ಟಿಲು ಮಾಡಿ ಅಳೆಯುತ್ತದೆ. ಇಂಧನ ಕ್ಷೇತ್ರವೂ ಅದನ್ನೇ ಎರವಲು ಪಡೆದಿದೆ. ಮೊದಲ ಮೂರು ನಾಲ್ಕು ಮೆಟ್ಟಿಲಿಗೆ ಸರ್ಕಾರದ ಅನುದಾನ, ಕೊನೆಯ ಎರಡಕ್ಕೆ ಬ್ಯಾಂಕು ಮತ್ತು ಷೇರುದಾರರು. ಇದರಲ್ಲಿ ಹೆಚ್ಚು ಜಗಳವಿಲ್ಲ.

ಕಷ್ಟ ನಡುವಿನ ಮೆಟ್ಟಿಲುಗಳದ್ದು. ಮೇಜಿನ ಮೇಲೆ ಕೆಲಸ ಮಾಡಿದ್ದನ್ನು ಮೊದಲ ಸಲ ದೊಡ್ಡ ಗಾತ್ರದಲ್ಲಿ ಕಟ್ಟಿ ತೋರಿಸಬೇಕು. ವಿಜ್ಞಾನಿಗೆ ಕೊಡುವ ಅನುದಾನಕ್ಕೆ ಈ ಮೊತ್ತ ತೀರಾ ದೊಡ್ಡದು, ಬ್ಯಾಂಕಿಗೆ ಈ ಅಪಾಯ ತೀರಾ ದೊಡ್ಡದು. ಕ್ಷೇತ್ರದವರು ಇದನ್ನು ಸಾವಿನ ಕಣಿವೆ ಎಂದೇ ಕರೆಯುತ್ತಾರೆ. ಸಾಫ್ಟ್‌ವೇರ್ ಕಂಪನಿಯಾದರೆ ನಾಲ್ಕು ಜನ, ನಾಲ್ಕು ಕಂಪ್ಯೂಟರ್ ಸಾಕು. ಇಲ್ಲಿ ಕಬ್ಬಿಣ, ಕಾಂಕ್ರೀಟು, ಜಮೀನು, ಅನುಮತಿ ಎಲ್ಲ ಬೇಕು. ಒಂದು ತಪ್ಪು ತಿದ್ದಲು ವರ್ಷ ಹಿಡಿಯುತ್ತದೆ.

ಈ ಕಣಿವೆಗೆ ಸೇತುವೆ ಕಟ್ಟಿದ ಉದಾಹರಣೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಐಸ್‌ಲ್ಯಾಂಡಿನದು. ಭೂಶಾಖದ ವಿದ್ಯುತ್ತಿನಲ್ಲಿ ದೊಡ್ಡ ಅಪಾಯ ಬಾವಿ ಕೊರೆಯುವಾಗಲೇ ಇರುತ್ತದೆ. ಕೊರೆದಲ್ಲಿ ಬಿಸಿನೀರು ಸಿಗದಿದ್ದರೆ ಹಾಕಿದ್ದೆಲ್ಲ ಮಣ್ಣುಪಾಲು. ಐಸ್‌ಲ್ಯಾಂಡಿನ ಸರ್ಕಾರಿ ಇಂಧನ ನಿಧಿ ಪರೀಕ್ಷಾ ಬಾವಿಗೆ ಸಾಲ ಕೊಡುತ್ತಿತ್ತು: ಬಾವಿ ಫಲಿಸಿದರೆ ತೀರಿಸಬೇಕು, ಬರಿದಾದರೆ ಸಾಲವೇ ಅನುದಾನವಾಗುತ್ತಿತ್ತು. ಎಲ್ಲಿ ನಿಜವಾದ ಭಯವಿದೆಯೋ ಅಷ್ಟನ್ನು ಮಾತ್ರ ಸರ್ಕಾರ ಹೊತ್ತುಕೊಂಡಿತು, ಉಳಿದ ಕೆಲಸವನ್ನು ಮಾಡುವವರಿಗೆ ಬಿಟ್ಟಿತು. ಸಂಶೋಧನೆಯ ಹಣಕಾಸನ್ನು ಇಷ್ಟು ಚೊಕ್ಕವಾಗಿ ಯೋಚಿಸಿದ ಉದಾಹರಣೆಗಳು ಕಡಿಮೆ.

ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ 1970ರ ದಶಕದಲ್ಲಿ ನ್ಯೂ ಮೆಕ್ಸಿಕೊದ ಫೆಂಟನ್ ಹಿಲ್‌ನಲ್ಲಿ ಒಣ ಬಿಸಿಬಂಡೆಯನ್ನು ಸೀಳಿ, ನೀರು ಹರಿಸಿ, ಶಾಖ ತೆಗೆಯುವ ಪ್ರಯೋಗ ನಡೆಸಿತು. ಅದು ವ್ಯಾಪಾರವಾಗಿ ನಿಲ್ಲಲಿಲ್ಲ. ಆದರೆ ಅದೇ ಯೋಚನೆ ಯೂಟಾ ರಾಜ್ಯದ ಫೋರ್ಜ್ ಎಂಬ ಸರ್ಕಾರಿ ಪರೀಕ್ಷಾ ತಾಣದಲ್ಲಿ ಮತ್ತೆ ಜೀವ ಪಡೆದಿದೆ. ಅಲ್ಲಿ ಕೊರೆದ ಬಾವಿಗಳ ಮಾಹಿತಿ ಎಲ್ಲರಿಗೂ ತೆರೆದಿದೆ, ಖಾಸಗಿ ಕಂಪನಿಗಳು ಅದರಿಂದ ಕಲಿಯುತ್ತಿವೆ.

ದೊಡ್ಡ ಮೊತ್ತವನ್ನು ದೊಡ್ಡ ಯೋಜನೆಗೆ ಒಮ್ಮೆಲೇ ಕೊಟ್ಟರೆ ಬೇಗ ಫಲ ಬರುವುದಿಲ್ಲವೇ?

ಗಾಳಿಯಂತ್ರದ ಇತಿಹಾಸ ಇದಕ್ಕೆ ಕೊಡುವ ಉತ್ತರದಷ್ಟು ಸ್ಪಷ್ಟ ಉತ್ತರ ಬೇರೆಲ್ಲೂ ಸಿಗುವುದಿಲ್ಲ.

1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಮತ್ತು ಜರ್ಮನಿ ದೈತ್ಯ ಯಂತ್ರಗಳ ಹಾದಿ ಹಿಡಿದವು. ವಿಮಾನ, ಭಾರಿ ಯಂತ್ರ ತಯಾರಿಸುವ ನುರಿತ ಕಂಪನಿಗಳಿಗೆ ಗುತ್ತಿಗೆ ಕೊಟ್ಟವು. ನಾಸಾ ಉಸ್ತುವಾರಿಯಲ್ಲಿ ಬೋಯಿಂಗ್ ಕಟ್ಟಿದ ಮಾಡ್-2 ಯಂತ್ರ 2.5 ಮೆಗಾವ್ಯಾಟ್‌ನದು. ಜರ್ಮನಿಯ ಗ್ರೋವಿಯನ್ 3 ಮೆಗಾವ್ಯಾಟ್‌ನದು, ರೆಕ್ಕೆ ಸುತ್ತುವ ವ್ಯಾಸ ಸುಮಾರು 100 ಮೀಟರ್. 1983ರಿಂದ 1987ರವರೆಗೆ ನಿಂತಿದ್ದ ಗ್ರೋವಿಯನ್ ಒಟ್ಟಾರೆ ಓಡಿದ್ದು ಕೆಲವೇ ನೂರು ಗಂಟೆ. ಮಧ್ಯದ ಭಾಗದಲ್ಲಿ ಬಿರುಕು ಬಿಟ್ಟು ಕೊನೆಗೆ ಬಿಚ್ಚಿ ಹಾಕಿದರು.

ಅದೇ ಹೊತ್ತಿಗೆ ಡೆನ್ಮಾರ್ಕಿನಲ್ಲಿ ಬಡಗಿಗಳು, ಕಮ್ಮಾರರು, ಕೃಷಿ ಉಪಕರಣ ತಯಾರಕರು 20, 30, 55 ಕಿಲೋವ್ಯಾಟಿನ ಯಂತ್ರ ಕಟ್ಟುತ್ತಿದ್ದರು. ಅವರ ಮುಂದೆ ಯೋಹಾನೆಸ್ ಯೂಲ್ 1957ರಲ್ಲಿ ಗೆಡ್ಸರ್‌ನಲ್ಲಿ ನಿಲ್ಲಿಸಿದ್ದ 200 ಕಿಲೋವ್ಯಾಟಿನ ಮೂರು ರೆಕ್ಕೆಯ ಯಂತ್ರದ ಮಾದರಿಯಿತ್ತು. ಸರ್ಕಾರ ಮಾಡಿದ್ದು ಎರಡು ಕೆಲಸ. 1978ರಲ್ಲಿ ರಿಸೊ ಎಂಬಲ್ಲಿ ಪರೀಕ್ಷಾ ಕೇಂದ್ರ ತೆರೆಯಿತು. 1979ರಲ್ಲಿ ಯಂತ್ರ ಕೊಳ್ಳುವವರಿಗೆ ಶೇ. 30ರಷ್ಟು ಸಹಾಯಧನ ಘೋಷಿಸಿತು, ಆದರೆ ರಿಸೊ ಒಪ್ಪಿಗೆ ಕೊಟ್ಟ ಮಾದರಿಗೆ ಮಾತ್ರ. ಸಹಾಯಧನ ಬೇಕಿದ್ದ ತಯಾರಕರೆಲ್ಲ ತಮ್ಮ ವಿನ್ಯಾಸ ಹಿಡಿದುಕೊಂಡು ಪರೀಕ್ಷಕರ ಮುಂದೆ ಕೂರಲೇಬೇಕಾಯಿತು, ತಪ್ಪು ತಿದ್ದಿಕೊಂಡೇ ಎದ್ದರು. ಇನ್ನೊಂದು ಕಡೆ ಯಂತ್ರ ಮಾಲೀಕರ ಸಂಘ ಯಾವ ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತು, ಯಾವುದು ಎಲ್ಲಿ ಕೆಟ್ಟಿತು ಎಂದು ಪ್ರಕಟಿಸುತ್ತಿತ್ತು. ಕೆಟ್ಟ ಯಂತ್ರ ಮಾಡಿದವರು ತಲೆಮರೆಸಿಕೊಳ್ಳಲು ಜಾಗವಿರಲಿಲ್ಲ.

ಸಹಾಯಧನವನ್ನು ಮೆಲ್ಲಮೆಲ್ಲನೆ ಇಳಿಸಿ 1989ರಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಡೆನ್ಮಾರ್ಕಿನ ಯಂತ್ರಗಳು ಜಗತ್ತಿನಲ್ಲಿ ಹೆಸರು ಮಾಡಿದ್ದವು. 1991ರಲ್ಲಿ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಸಮುದ್ರದ ಗಾಳಿ ವಿದ್ಯುತ್ ಸ್ಥಾವರ ಎದ್ದಿತು, ಒಟ್ಟು 11 ಯಂತ್ರ. ಇಂದು ಗ್ರೋವಿಯನ್‌ಗಿಂತ ಎಷ್ಟೋ ದೊಡ್ಡ ಯಂತ್ರಗಳು ತಿರುಗುತ್ತಿವೆ, ಆದರೆ ಅವು ಬೆಳೆದು ಬಂದದ್ದು ಆ 55 ಕಿಲೋವ್ಯಾಟಿನ ವಂಶದಿಂದ.

ಹಾಗಂತ ಚಿಕ್ಕದೇ ಯಾವಾಗಲೂ ಸರಿ ಎಂದೇನೂ ಅಲ್ಲ. ಬೀಜ ಸಮ್ಮಿಲನದಂಥ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ತೆಗೆಯುವ) ಕೆಲವನ್ನು ಚಿಕ್ಕದಾಗಿ ಮಾಡಲು ಭೌತಶಾಸ್ತ್ರವೇ ಸುಲಭಕ್ಕೆ ಬಿಡುವುದಿಲ್ಲ. ಕಟ್ಟಿ, ಕೆಡಿಸಿ, ತಿದ್ದಿ, ಮತ್ತೆ ಕಟ್ಟುವ ಸುತ್ತು ಎಷ್ಟು ಬೇಗ ತಿರುಗುತ್ತದೆ ಎಂಬುದನ್ನು ನೋಡಿ ಅನುದಾನದ ಗಾತ್ರ ನಿರ್ಧರಿಸಬೇಕು ಎಂದು ನನ್ನ ಅಭಿಪ್ರಾಯ.

ಸಹಾಯಧನ, ತೆರಿಗೆ ವಿನಾಯಿತಿ ಇವೆಲ್ಲ ಸಂಶೋಧನೆಯ ಲೆಕ್ಕಕ್ಕೆ ಬರುತ್ತವೆಯೇ?

ಬಜೆಟ್ಟಿನ ಲೆಕ್ಕದಲ್ಲಿ ಬರುವುದಿಲ್ಲ. ಪರಿಣಾಮದಲ್ಲಿ ಬರುತ್ತವೆ. ಜಗತ್ತಿನಲ್ಲಿ ತಯಾರಾದ ಸೌರಫಲಕದ ಒಟ್ಟು ಪ್ರಮಾಣ ಇಮ್ಮಡಿಯಾದಾಗಲೆಲ್ಲ ಬೆಲೆ ಸರಾಸರಿ ಶೇ. 20ರಷ್ಟು ಇಳಿಯುತ್ತಾ ಬಂದಿದೆ. ಮಾಡುತ್ತಾ ಮಾಡುತ್ತಾ ಕಲಿಯುವುದೂ ಒಂದು ಸಂಶೋಧನೆಯೇ, ಅದು ಕಾರ್ಖಾನೆಯ ನೆಲದ ಮೇಲೆ ನಡೆಯುತ್ತದೆ ಅಷ್ಟೆ.

ಆದರೆ ಸಹಾಯಧನವನ್ನು ಯಾವುದಕ್ಕೆ ಕಟ್ಟುತ್ತೀರಿ ಎಂಬುದು ಮುಖ್ಯ. 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗಾಳಿಯಂತ್ರಕ್ಕೆ ಹಾಕಿದ ಬಂಡವಾಳದ ಮೇಲೆ ದೊಡ್ಡ ತೆರಿಗೆ ರಿಯಾಯಿತಿ ಸಿಗುತ್ತಿತ್ತು. ಯಂತ್ರ ತಿರುಗಿದರೂ ಸರಿ, ನಿಂತರೂ ಸರಿ, ರಿಯಾಯಿತಿ ಖಾತರಿ. ಸಾವಿರಾರು ಯಂತ್ರಗಳು ಎದ್ದವು, ಅವುಗಳಲ್ಲಿ ಎಷ್ಟೋ ಬೇಗನೆ ಮುರಿದು ನಿಂತವು. 1992ರಲ್ಲಿ ಅಮೆರಿಕ ಪಾಠ ಕಲಿತು ಉತ್ಪಾದನೆಯಾದ ಪ್ರತಿ ಯೂನಿಟ್‌ಗೆ 1.5 ಸೆಂಟ್‌ನಂತೆ ರಿಯಾಯಿತಿ ಕೊಡತೊಡಗಿತು. ಜರ್ಮನಿಯ 2000ದ ಕಾನೂನು ಇನ್ನೂ ಮುಂದೆ ಹೋಯಿತು. ಗ್ರಿಡ್‌ಗೆ ಕೊಟ್ಟ ಪ್ರತಿ ಯೂನಿಟ್‌ಗೆ 20 ವರ್ಷ ಖಚಿತ ದರ. ಆದರೆ ಈ ವರ್ಷ ಕಟ್ಟಿದವರಿಗಿಂತ ಮುಂದಿನ ವರ್ಷ ಕಟ್ಟುವವರಿಗೆ ದರ ಕಡಿಮೆ. ಹೂಡಿಕೆದಾರರಿಗೆ ಧೈರ್ಯ, ತಯಾರಕರಿಗೆ ಬೆಲೆ ಇಳಿಸುವ ಒತ್ತಡ, ಎರಡೂ ಒಂದೇ ಕಾನೂನಿನಲ್ಲಿ ಬಂದವು. ಇದರ ಖರ್ಚನ್ನು ಜರ್ಮನಿಯ ಗ್ರಾಹಕರು ತಮ್ಮ ವಿದ್ಯುತ್ ಬಿಲ್ಲಿನಲ್ಲಿ ಹೊತ್ತರು. ಇಂದು ಜಗತ್ತಿನಲ್ಲಿ ಎಲ್ಲೇ ಅಗ್ಗದ ಸೌರಫಲಕ ಹಾಕಿಸಿದರೂ ಅದರಲ್ಲಿ ಅವರ ಋಣ ಇದೆ. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತಿದ್ದೇನೆ.

ತೈಲ ಕಂಪನಿಗಳೂ ಪರ್ಯಾಯ ಇಂಧನಕ್ಕೆ ದುಡ್ಡು ಹಾಕುತ್ತಿವೆ. ಅದನ್ನು ನಂಬಬಹುದೇ?

ಅವರ ವಿಜ್ಞಾನಿಗಳನ್ನು ನಂಬಬಹುದು. ಆಡಳಿತ ಮಂಡಳಿಯ ತಾಳ್ಮೆಯನ್ನು ನಂಬಿ ಕೂರಲಾಗದು.

ಇಂದು ನಮ್ಮ ಜೇಬಿನಲ್ಲಿರುವ ಲಿಥಿಯಂ ಬ್ಯಾಟರಿಯ ಮೊದಲ ಅಧ್ಯಾಯ ಬರೆದದ್ದು ಎಕ್ಸಾನ್. 1970ರ ದಶಕದಲ್ಲಿ ಅಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಂ ಡೈಸಲ್ಫೈಡ್ ಬಳಸಿದ ಬ್ಯಾಟರಿ ಕಟ್ಟಿದರು. 1980ರ ದಶಕದ ಆರಂಭದಲ್ಲಿ ಕಂಪನಿ ಆ ಕೆಲಸದಿಂದ ಹೊರಬಂತು. ಆಗಲೇ 1980ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡ್‌ಎನಫ್ ಕೋಬಾಲ್ಟ್ ಆಕ್ಸೈಡಿನ ದಾರಿ ಕಂಡುಹಿಡಿದಿದ್ದರು. ಪೇಟೆಂಟಿನ ಖರ್ಚು ಹೊರಲು ವಿಶ್ವವಿದ್ಯಾಲಯವೇ ಮನಸ್ಸು ಮಾಡಲಿಲ್ಲ, ಬ್ರಿಟನ್ನಿನ ಸರ್ಕಾರಿ ಪರಮಾಣು ಸಂಶೋಧನಾ ಕೇಂದ್ರ ಅದನ್ನು ನೋಂದಾಯಿಸಿಕೊಂಡಿತು. 1985ರಲ್ಲಿ ಜಪಾನಿನ ಅಸಾಹಿ ಕಾಸೇ ಕಂಪನಿಯ ಅಕಿರಾ ಯೋಶಿನೊ ಅದಕ್ಕೆ ಸುರಕ್ಷಿತ ರೂಪ ಕೊಟ್ಟರು, 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದಿತು. 2019ರ ನೊಬೆಲ್ ಪ್ರಶಸ್ತಿಯನ್ನು ಮೂವರೂ ಹಂಚಿಕೊಂಡರು. ಒಂದು ತೈಲ ಕಂಪನಿ, ಒಂದು ವಿಶ್ವವಿದ್ಯಾಲಯ, ಒಂದು ರಾಸಾಯನಿಕ ಕಂಪನಿ!

ಮುಂದೇನಾಯಿತು ನೋಡಿ. ಎಕ್ಸಾನ್ ತನ್ನ ಸೌರ ಕಂಪನಿಯಿಂದ 1984ರಲ್ಲಿ ಹೊರನಡೆಯಿತು. ಜಗತ್ತಿನ ದೊಡ್ಡ ಸೌರ ಕಂಪನಿಗಳಲ್ಲಿ ಒಂದಾಗಿದ್ದ ಬಿಪಿ ಸೋಲಾರ್ ಅನ್ನು ಬ್ರಿಟನ್ನಿನ ತೈಲ ಕಂಪನಿ ಬಿಪಿ 2011ರಲ್ಲಿ ಮುಚ್ಚಿತು. ಪಾಚಿಯಿಂದ ಇಂಧನ ತೆಗೆಯಲು 60 ಕೋಟಿ ಡಾಲರ್‌ವರೆಗೆ ಹಾಕುವುದಾಗಿ ಎಕ್ಸಾನ್‌ಮೊಬಿಲ್ 2009ರಲ್ಲಿ ಹೇಳಿತು, ನಾಲ್ಕು ವರ್ಷಕ್ಕೆ ಮತ್ತೆ ಮೂಲ ವಿಜ್ಞಾನದ ಹಂತಕ್ಕೇ ಮರಳಿತು, 2023ರಲ್ಲಿ ಕೈಬಿಟ್ಟಿತು.

ಇದಕ್ಕೆ ದುರುದ್ದೇಶವೇ ಕಾರಣ ಎನ್ನಲಾರೆ. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ಸಂಸ್ಥೆ, ಹೆಚ್ಚು ಲಾಭ ತರುವ ಹಳೆಯ ವ್ಯಾಪಾರ ಪಕ್ಕದಲ್ಲೇ ಇರುವಾಗ, ಇಪ್ಪತ್ತು ವರ್ಷದ ಕೆಲಸವನ್ನು ಕೊನೆಯವರೆಗೂ ಹಿಡಿದು ಕೂರುವುದು ಕಷ್ಟ. ಅದಕ್ಕೇ ಒಂದು ದೇಶದ ಇಂಧನ ಭವಿಷ್ಯವನ್ನು ಅಂಥ ಸಂಸ್ಥೆಗಳ ಸ್ವಯಂಪ್ರೇರಿತ ಘೋಷಣೆಯ ಮೇಲೆ ನಿಲ್ಲಿಸಬಾರದು.

ಸರ್ಕಾರ ದುಡ್ಡು ಕೊಟ್ಟ ಕಂಪನಿಗಳು ದಿವಾಳಿಯಾಗಿವೆಯಲ್ಲ? ಯಾರದೋ ದುಡ್ಡು ಯಲ್ಲಮ್ಮನ ಜಾತ್ರೆ ಆದಂತಲ್ಲವೇ?

ಹೆಚ್ಚಾಗಿ ಕೇಳಿಬರುವ ಹೆಸರು ಸೋಲಿಂಡ್ರಾ. 2009ರಲ್ಲಿ ಅಮೆರಿಕ ಸರ್ಕಾರದ ಇಂಧನ ಇಲಾಖೆ ಆ ಸೌರಫಲಕ ಕಂಪನಿಗೆ 53.5 ಕೋಟಿ ಡಾಲರ್ ಸಾಲಕ್ಕೆ ಖಾತರಿ ಕೊಟ್ಟಿತು. ಸಿಲಿಕಾನ್ ದುಬಾರಿಯಾಗಿದ್ದಾಗ ಸಿಲಿಕಾನ್ ಬೇಡದ ಕೊಳವೆಯಾಕಾರದ ಫಲಕ ಒಳ್ಳೆಯ ಯೋಚನೆಯಾಗಿ ಕಂಡಿತ್ತು. ಸಿಲಿಕಾನ್ ಬೆಲೆ ಕುಸಿಯಿತು, 2011ರಲ್ಲಿ ಕಂಪನಿ ಮುಳುಗಿತು, ದುಡ್ಡು ಹೋಯಿತು. ಇದು ನಷ್ಟವೇ, ಸಮರ್ಥನೆ ಬೇಡ.

ಆದರೆ ಅದೇ ಇಲಾಖೆ 2010ರಲ್ಲಿ ಟೆಸ್ಲಾಗೆ 46.5 ಕೋಟಿ ಡಾಲರ್ ಸಾಲ ಕೊಟ್ಟಿತ್ತು. 2013ರಲ್ಲಿ, ಅವಧಿಗೆ ಒಂಬತ್ತು ವರ್ಷ ಮೊದಲೇ, ಬಡ್ಡಿ ಸಮೇತ ತೀರಿತು. ಒಟ್ಟು ಸಾಲಗಳ ಬಡ್ಡಿಯ ಆದಾಯ ಆವರೆಗಿನ ನಷ್ಟವನ್ನು ಮೀರಿದೆ ಎಂದು ಇಲಾಖೆ 2014ರಲ್ಲಿ ತಿಳಿಸಿತು. ಹತ್ತು ಕಡೆ ಹೂಡಿ ಏಳು ಮುಳುಗಿದರೂ ಖಾಸಗಿ ಹೂಡಿಕೆದಾರ ಜಾಣ ಎನಿಸಿಕೊಳ್ಳುತ್ತಾನೆ; ಸರ್ಕಾರದ ಒಂದು ಮುಳುಗಿದರೆ ವರ್ಷಗಟ್ಟಲೆ ಚುನಾವಣಾ ಭಾಷಣ. ಈ ಭಯದಿಂದ ಅಧಿಕಾರಿಗಳು ಅಪಾಯವಿಲ್ಲದ ಯೋಜನೆಗೇ ದುಡ್ಡು ಕೊಡಲು ಶುರುಮಾಡಿದರೆ, ಖಾಸಗಿಯವರು ಹೇಗೂ ಮಾಡುತ್ತಿದ್ದ ಕೆಲಸಕ್ಕೆ ತೆರಿಗೆಯ ಹಣ ಹೋದಂತಾಗುತ್ತದೆ. ನನ್ನ ಮಟ್ಟಿಗೆ ಅದೇ ದೊಡ್ಡ ಪೋಲು.

ನನಗೆ ನಿಜಕ್ಕೂ ಬೇಸರ ತರುವುದು ಗೆದ್ದ ಸಾಲದ ಕಥೆ. ಮುಳುಗಿದಾಗ ಇಡೀ ನಷ್ಟ ಸಾರ್ವಜನಿಕರಿಗೆ, ಗೆದ್ದಾಗ ಅವರಿಗೆ ಸಿಕ್ಕಿದ್ದು ಬಡ್ಡಿ ಮಾತ್ರ. ಗೆಲುವಿನಲ್ಲೂ ಒಂದು ಪಾಲು ಬರುವಂತೆ ಒಪ್ಪಂದ ಬರೆದು, ಬಂದದ್ದನ್ನು ಮತ್ತೆ ಸಂಶೋಧನೆಗೇ ಹಾಕಬೇಕು.

ತೈಲದ ಬೆಲೆ ಇಳಿದ ಕೂಡಲೇ ಅನುದಾನವೂ ಇಳಿಯುತ್ತದೆ ಎನ್ನುತ್ತಾರೆ. ನಿಜವೇ?

ನಿಜ, ಈ ಕ್ಷೇತ್ರಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಬಿದ್ದಿಲ್ಲ.

1973ರ ಅಕ್ಟೋಬರಿನಿಂದ ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ಪೀಪಾಯಿಗೆ 3 ಡಾಲರ್‌ನಿಂದ 12ರ ಹತ್ತಿರ ಏರಿತು. 1974ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ಹುಟ್ಟಿತು, 1977ರಲ್ಲಿ ಅಮೆರಿಕದ ಸೌರ ಸಂಶೋಧನಾ ಸಂಸ್ಥೆ ಬಾಗಿಲು ತೆರೆಯಿತು, 1979ರಲ್ಲಿ ಜಿಮ್ಮಿ ಕಾರ್ಟರ್ ಶ್ವೇತಭವನದ ಮೇಲೆ ನೀರು ಕಾಯಿಸುವ ಸೌರಫಲಕ ಹಾಕಿಸಿದರು. 1981ರ ನಂತರ ಹೊಸ ಸರ್ಕಾರ ಆ ಸೌರ ಸಂಶೋಧನಾ ಸಂಸ್ಥೆಯ ಅನುದಾನವನ್ನು ತೀವ್ರವಾಗಿ ಕಡಿಯಿತು. 1986ರಲ್ಲಿ ತೈಲದ ಬೆಲೆ ಕುಸಿಯಿತು. ಅದೇ ವರ್ಷ ಶ್ವೇತಭವನದ ಫಲಕಗಳೂ ಕೆಳಗಿಳಿದವು.

ಲೂಝ್ ಎಂಬ ಕಂಪನಿಯ ಕಥೆ ಇನ್ನೂ ನೋವಿನದು. ಅದು 1984ರಿಂದ 1990ರ ನಡುವೆ ಮೊಹಾವಿ ಮರುಭೂಮಿಯಲ್ಲಿ ಬಾಗಿದ ಕನ್ನಡಿಗಳಿಂದ ಬಿಸಿಲು ಹಿಡಿದು ಹಬೆ ಮಾಡುವ ಒಂಬತ್ತು ಸ್ಥಾವರ ಕಟ್ಟಿತು, ಒಟ್ಟು 354 ಮೆಗಾವ್ಯಾಟ್. ಒಂದೊಂದು ಸ್ಥಾವರವೂ ಹಿಂದಿನದಕ್ಕಿಂತ ಅಗ್ಗವಾಗುತ್ತಿತ್ತು. ಆದರೆ ತೆರಿಗೆ ರಿಯಾಯಿತಿ ವರ್ಷ ವರ್ಷ ಮುಂದುವರಿಯುತ್ತದೋ ಇಲ್ಲವೋ ಎಂದು ಕೊನೆ ಗಳಿಗೆವರೆಗೂ ಕಾಯಬೇಕಿತ್ತು. 1991ರಲ್ಲಿ ಲೂಝ್ ದಿವಾಳಿಯಾಯಿತು. ಅದು ಕಟ್ಟಿದ ಸ್ಥಾವರಗಳು ಮಾತ್ರ ಆಮೇಲೂ ದಶಕಗಟ್ಟಲೆ ವಿದ್ಯುತ್ ಕೊಟ್ಟವು. ಹೊಸ ಸ್ಥಾವರಗಳಿಲ್ಲದೆ ಇಡೀ ತಂತ್ರಜ್ಞಾನ ಸುಮಾರು ಹದಿನೈದು ವರ್ಷ ಅಲ್ಲೇ ನಿಂತುಬಿಟ್ಟಿತು.

ಅನುದಾನ ನಿಂತಾಗ ಯಂತ್ರ ತುಕ್ಕು ಹಿಡಿಯುವುದು ಸಣ್ಣ ಮಾತು. ಜನ ಚೆದುರುತ್ತಾರೆ. ಹತ್ತು ವರ್ಷ ಒಟ್ಟಿಗೆ ದುಡಿದು ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಲು ಕಲಿತ ತಂಡ ಬೇರೆ ಬೇರೆ ಕೆಲಸಕ್ಕೆ ಹೋದರೆ, ದುಡ್ಡು ಮರಳಿ ಬಂದಾಗ ಆ ತಂಡ ಮರಳಿ ಬರುವುದಿಲ್ಲ. ಬರೆದಿಟ್ಟದ್ದು ಕಡತದಲ್ಲಿ ಸಿಗುತ್ತದೆ, ಕೈಗೆ ಗೊತ್ತಿದ್ದದ್ದು ಸಿಗುವುದಿಲ್ಲ. ಹತ್ತು ವರ್ಷಕ್ಕೆ ನೂರು ರೂಪಾಯಿ ಕೊಡುವುದಾದರೆ ವರ್ಷಕ್ಕೆ ಹತ್ತರಂತೆ ಕೊಡಿ. ಒಂದು ವರ್ಷ ಐವತ್ತು ಕೊಟ್ಟು ಮರುವರ್ಷ ಎರಡಕ್ಕೆ ಇಳಿಸಿದರೆ ಮೊದಲು ಕೊಟ್ಟದ್ದೂ ಕರಗುತ್ತದೆ.

ತೆರಿಗೆ ಹಣದಲ್ಲಿ ಹುಟ್ಟಿದ ಪೇಟೆಂಟ್ ಯಾರಿಗೆ ಸೇರಬೇಕು?

ಅಮೆರಿಕದ 1980ರ ಬೇ-ಡೋಲ್ ಕಾಯ್ದೆ ಸರ್ಕಾರಿ ಅನುದಾನದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಬಿಟ್ಟಿತು. ಅದಕ್ಕೂ ಮೊದಲು ಎಷ್ಟೋ ಪೇಟೆಂಟುಗಳು ಸರ್ಕಾರದ ಕಡತದಲ್ಲೇ ಮಲಗಿರುತ್ತಿದ್ದವು, ಹಾಗಾಗಿ ಕಾಯ್ದೆಗೆ ಕಾರಣವಿತ್ತು. ಆದರೆ ಪೇಟೆಂಟ್ ಇದ್ದ ಮಾತ್ರಕ್ಕೆ ಕಾರ್ಖಾನೆ ಅಲ್ಲೇ ಏಳುವುದಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯ ರಸಾಯನ ಹುಟ್ಟಿದ್ದು 1990ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ, ಗುಡ್‌ಎನಫ್ ಅವರ ತಂಡದಲ್ಲೇ. ಆ ಬಗೆಯ ಬ್ಯಾಟರಿ ಮಾಡಲು ಸರ್ಕಾರದಿಂದ ದೊಡ್ಡ ಅನುದಾನ ಪಡೆದ ಅಮೆರಿಕದ ಎ123 ಕಂಪನಿ 2012ರಲ್ಲಿ ದಿವಾಳಿಯಾಗಿ ಚೀನಾದ ಕಂಪನಿಯ ಪಾಲಾಯಿತು. ಇಂದು ಆ ಬ್ಯಾಟರಿ ಬಹುಪಾಲು ತಯಾರಾಗುವುದು ಚೀನಾದಲ್ಲಿ. ಮೂಲ ಸಂಶೋಧನೆಗೆ ಕೊಟ್ಟು, ತಯಾರಿಕೆಯ ಕಲಿಕೆಗೆ ಕೊಡದಿದ್ದರೆ ಹೀಗಾಗುತ್ತದೆ.

ಕಂಪನಿಯ ದುಡ್ಡಿನಲ್ಲಿ ನಡೆದ ವಿಶ್ವವಿದ್ಯಾಲಯದ ಸಂಶೋಧನೆ ಸ್ವತಂತ್ರವಾಗಿರುತ್ತದೆಯೇ?

ಒಪ್ಪಂದ ಓದಿದರೆ ಗೊತ್ತಾಗುತ್ತದೆ. 2007ರಲ್ಲಿ ಬಿಪಿ ಹತ್ತು ವರ್ಷಕ್ಕೆ 50 ಕೋಟಿ ಡಾಲರ್ ಕೊಡುವುದಾಗಿ ಹೇಳಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೇತೃತ್ವದಲ್ಲಿ ಜೈವಿಕ ಇಂಧನ ಸಂಶೋಧನಾ ಸಂಸ್ಥೆ ಕಟ್ಟಲು ಮುಂದಾದಾಗ, ಅಲ್ಲಿನ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಎತ್ತಿದ್ದು ಇದೇ ಪ್ರಶ್ನೆ. ಕಾರ್ಯಸೂಚಿ ಯಾರದು? ಪ್ರತಿಕೂಲ ಫಲಿತಾಂಶ ಬಂದರೆ ಪ್ರಕಟಿಸಲು ಅಡ್ಡಿಯಿದೆಯೇ? ಪೇಟೆಂಟ್ ಯಾರಿಗೆ ಮೊದಲು? ಅವರು ಕೇಳಿದ್ದು ಸರಿಯಾಗಿತ್ತು, ಪ್ರತಿ ವಿಶ್ವವಿದ್ಯಾಲಯವೂ ಕೇಳಬೇಕು.

ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಗಳ ಮಾದರಿ ಹೆಚ್ಚು ಆರೋಗ್ಯಕರ ಎನಿಸುತ್ತದೆ. ಖರ್ಚಿನ ಸುಮಾರು ಮೂರನೇ ಒಂದು ಭಾಗ ಸರ್ಕಾರದಿಂದ ಸ್ಥಿರವಾಗಿ ಬರುತ್ತದೆ, ಉಳಿದದ್ದನ್ನು ಉದ್ಯಮದ ಗುತ್ತಿಗೆ ಮತ್ತು ಸಾರ್ವಜನಿಕ ಯೋಜನೆಗಳಿಂದ ಗಳಿಸಬೇಕು. ಉದ್ಯಮದ ಬಾಗಿಲು ತಟ್ಟಲೇಬೇಕು, ಆದರೆ ಒಬ್ಬ ಗಿರಾಕಿ ಹೋದರೆ ದೀಪ ಆರುವುದಿಲ್ಲ. ಫ್ರೈಬುರ್ಗ್‌ನಲ್ಲಿ 1981ರಲ್ಲಿ ಶುರುವಾದ ಅವರ ಸೌರ ಸಂಸ್ಥೆ ಇಂದು ಜಗತ್ತಿನ ಮುಂಚೂಣಿಯ ಕೇಂದ್ರಗಳಲ್ಲಿ ಒಂದು.

ಬೀಜ ಸಮ್ಮಿಲನಕ್ಕೆ ಈಗ ಖಾಸಗಿ ಬಂಡವಾಳ ಹರಿದು ಬರುತ್ತಿದೆ. ಸರ್ಕಾರ ಹಿಂದೆ ಸರಿಯಬಹುದೇ?

ಇನ್ನೂ ಇಲ್ಲ. 2022ರ ಡಿಸೆಂಬರ್ 5ರಂದು ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದು ಲೇಸರಿನಿಂದ 2.05 ಮೆಗಾಜೂಲ್ ಶಕ್ತಿ ಹಾಕಿ 3.15 ಮೆಗಾಜೂಲ್ ಹೊರತೆಗೆದದ್ದು ನಿಜವಾದ ಮೈಲಿಗಲ್ಲು. ಆದರೆ ಆ ಲೇಸರ್ ಉರಿಸಲು ಗ್ರಿಡ್‌ನಿಂದ ಎಳೆದದ್ದು ಸುಮಾರು 300 ಮೆಗಾಜೂಲ್. ಏಳು ಪಾಲುದಾರರು ಸೇರಿ ಬೀಜ ಸಮ್ಮಿಲನದ ದೊಡ್ಡ ಪ್ರಯೋಗಕ್ಕೆಂದು ಕಟ್ಟುತ್ತಿರುವ ಈಟರ್ ಯೋಜನೆಗೆ 2006ರಲ್ಲಿ ಸಹಿ ಬಿತ್ತು, 2024ರಲ್ಲಿ ಪ್ರಕಟವಾದ ವೇಳಾಪಟ್ಟಿಯಂತೆ ಸಂಶೋಧನೆ ಶುರುವಾಗುವುದು 2034ರಲ್ಲಿ. ಖಾಸಗಿ ಕಂಪನಿಗಳು ವೇಗ ತಂದಿರುವುದು ಸಂತೋಷದ ಸಂಗತಿ. ಅವರು ನಿಂತಿರುವುದು ದಶಕಗಳ ಸಾರ್ವಜನಿಕ ವಿಜ್ಞಾನದ ಮೇಲೆ.

ಸೌರ, ಗಾಳಿ ಅಗ್ಗವಾಗಿವೆ. ಇನ್ನೂ ಸಂಶೋಧನೆಗೆ ದುಡ್ಡು ಬೇಕೇ?

ಬೇಕು. ಉಕ್ಕು, ಸಿಮೆಂಟು, ಹಡಗು, ವಿಮಾನ, ತಿಂಗಳುಗಟ್ಟಲೆ ಶಕ್ತಿ ಕೂಡಿಡುವುದು, ಇವು ಯಾವುವೂ ಅಗ್ಗದ ಫಲಕದಿಂದ ಮಾತ್ರ ಬಗೆಹರಿಯುವುದಿಲ್ಲ. 2050ಕ್ಕೆ ನಿವ್ವಳ ಶೂನ್ಯ (ಗಾಳಿಗೆ ಬಿಟ್ಟಷ್ಟೇ ಇಂಗಾಲವನ್ನು ಹಿಂತೆಗೆಯುವ ಸ್ಥಿತಿ) ಮುಟ್ಟಲು ಬೇಕಾದ ಇಂಗಾಲದ ಇಳಿಕೆಯಲ್ಲಿ ಸುಮಾರು ಶೇ. 35ರಷ್ಟು ಇನ್ನೂ ಪ್ರಾಯೋಗಿಕ ಹಂತದಲ್ಲಿರುವ ತಂತ್ರಜ್ಞಾನಗಳಿಂದ ಬರಬೇಕು ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2023ರಲ್ಲಿ ಅಂದಾಜಿಸಿದೆ. ಸೌರಕೋಶದಲ್ಲೂ ಕೆಲಸ ಮುಗಿದಿಲ್ಲ. 2009ರಲ್ಲಿ ಜಪಾನಿನ ತ್ಸುತೊಮು ಮಿಯಾಸಾಕಾ ತೋರಿಸಿದ, ಪೆರೊವ್‌ಸ್ಕೈಟ್ ಎಂಬ ಹರಳು ರಚನೆಯ ವಸ್ತುವಿನಿಂದ ಮಾಡಿದ ಕೋಶದ ದಕ್ಷತೆ ಶೇ. 3.8. ಇಂದು ಪ್ರಯೋಗಾಲಯದಲ್ಲಿ ಅದು ಶೇ. 25 ದಾಟಿದೆ. ಬಿಸಿಲು ಮಳೆಯಲ್ಲಿ ಇಪ್ಪತ್ತೈದು ವರ್ಷ ಬಾಳುವಂತೆ ಮಾಡುವ ಕೆಲಸ ಬಾಕಿ.

ದುಡ್ಡಿಲ್ಲ ಎನ್ನುವವರಿಗೆ ಒಂದು ಅಂಕಿ: 2022ರಲ್ಲಿ ಪಳೆಯುಳಿಕೆ ಇಂಧನಗಳ ಬಳಕೆಗೆ ಜಗತ್ತಿನ ಸರ್ಕಾರಗಳು ಕೊಟ್ಟ ಸಹಾಯಧನ 1 ಲಕ್ಷ ಕೋಟಿ ಡಾಲರ್ ಮೀರಿತ್ತು.

ಇಷ್ಟು ಕೋಟಿ ಘೋಷಣೆ ಎಂಬ ಸುದ್ದಿಯನ್ನು ಹೇಗೆ ಓದಬೇಕು?

ಮೊದಲು ಅವಧಿ ನೋಡಿ. ಹತ್ತು ವರ್ಷದ ಮೊತ್ತವನ್ನು ಒಂದೇ ಸಾಲಿನಲ್ಲಿ ಹೇಳುವುದು ರೂಢಿ. ಆಮೇಲೆ ಅದು ಅನುದಾನವೋ, ಸಾಲವೋ, ಸಾಲದ ಖಾತರಿಯೋ, ತೆರಿಗೆ ರಿಯಾಯಿತಿಯೋ ನೋಡಿ. ಸಾಲದ ಖಾತರಿಯಲ್ಲಿ ಸರ್ಕಾರದ ಕೈಯಿಂದ ಒಂದು ಪೈಸೆಯೂ ಹೋಗದೆ ಇರಬಹುದು. ಅದರಲ್ಲಿ ಸಂಶೋಧನೆಗೆ ಎಷ್ಟು, ಈಗಾಗಲೇ ಸಿದ್ಧವಿರುವುದನ್ನು ಹಾಕಿಸಲು ಎಷ್ಟು ಎಂದು ಬಿಡಿಸಿ ಕೇಳಿ. ಎರಡನ್ನೂ ಹಸಿರು ಇಂಧನ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಗುರಿ ಮುಟ್ಟಿದರೆ ಮಾತ್ರ ಬಿಡುಗಡೆ ಎಂಬ ಷರತ್ತಿದೆಯೇ ಎಂದೂ ನೋಡಿ. ಪಾಚಿ ಇಂಧನದ ಆ 60 ಕೋಟಿಯಲ್ಲಿ ಅಂಥ ಷರತ್ತಿತ್ತು.

ಕೊನೆಗೆ ಎರಡು ಮೂರು ವರ್ಷ ಬಿಟ್ಟು ಅದೇ ಯೋಜನೆಯ ಖರ್ಚಿನ ಲೆಕ್ಕ ತೆಗೆದು ನೋಡಿ. 2015ರಲ್ಲಿ ಪ್ಯಾರಿಸ್‌ನಲ್ಲಿ 20 ದೇಶಗಳು ಮಿಷನ್ ಇನ್ನೊವೇಷನ್ ಹೆಸರಿನಲ್ಲಿ ಶುದ್ಧ ಇಂಧನ ಸಂಶೋಧನೆಯ ಹಣವನ್ನು ಐದು ವರ್ಷದಲ್ಲಿ ಇಮ್ಮಡಿ ಮಾಡುವುದಾಗಿ ಮಾತು ಕೊಟ್ಟವು. ಹಣ ಹೆಚ್ಚಿತು, ಒಟ್ಟಾರೆ ಇಮ್ಮಡಿಯಾಗಲಿಲ್ಲ. ಘೋಷಣೆಯ ದಿನ ಬಂದಷ್ಟು ದೊಡ್ಡ ಸುದ್ದಿ ಐದು ವರ್ಷದ ನಂತರ ಬರಲಿಲ್ಲ.